ಏಳನೇ ಸ್ಥಾನದ ಲೆಕ್ಕ

ಬೆಂಗಳೂರಿನ ರಾಯಲ್ ಚಾಲೆಂಜರ್ಸ್ ತಂಡ ಐಪಿಎಲ್‌ನ ಮೊದಲ ವರ್ಷ ಯಾಕೆ ಸೋತಿತು ಎಂದು ಕೇಳಿದರೆ, ಬೈಂದೂರಿನ ಪೇಟೆಯಲ್ಲೂ ಬೆಂಗಳೂರಿನ ಮಲ್ಲೇಶ್ವರದಲ್ಲೂ ಸಿಗುವ ಉತ್ತರ ಒಂದೇ: ಅದು ಟೆಸ್ಟ್ ತಂಡವಾಗಿತ್ತು. ರಾಹುಲ್ ದ್ರಾವಿಡ್, ಜಾಕ್ ಕಾಲಿಸ್, ವಾಸಿಂ ಜಾಫರ್, ಶಿವನಾರಾಯಣ ಚಂದ್ರಪಾಲ್ ಇವರೆಲ್ಲ ಐದು ದಿನದ ಆಟಕ್ಕೆ ಹುಟ್ಟಿದವರು, ಇಪ್ಪತ್ತು ಓವರಿಗೆ ಒಗ್ಗಲಿಲ್ಲ, ಸೋತರು. ಉತ್ತರ ಎಷ್ಟು ಸಲೀಸಾಗಿದೆಯೆಂದರೆ ಯಾರೂ ಅದನ್ನು ಎತ್ತಿ ನೋಡುವ ಗೋಜಿಗೆ ಹೋಗಿಲ್ಲ. ತಂಡದ ಮಾಲೀಕ ವಿಜಯ್ ಮಲ್ಯ ಆ ವರ್ಷವೇ ಬಹಿರಂಗವಾಗಿ ಹೆಚ್ಚುಕಡಿಮೆ ಇದೇ ಮಾತನ್ನು ಹೇಳಿದರು; ಪತ್ರಿಕೆಗಳು ಬರೆದವು; ಇಷ್ಟು ವರ್ಷ ಕಳೆದರೂ ಅದು ತೀರ್ಪಿನಂತೆ ಉಳಿದಿದೆ. ಈ ತೀರ್ಪು ತಪ್ಪು ಎಂಬುದು ನನ್ನ ವಾದ. ಆ ವರ್ಷ 14 ಪಂದ್ಯಗಳಲ್ಲಿ 10 ಸೋತು ಎಂಟು ತಂಡಗಳಲ್ಲಿ ಏಳನೆಯದಾಗಿ ನಿಂತ ತಂಡಕ್ಕೆ ಕೊರತೆಯಿದ್ದದ್ದು ಕಾಲಾವಕಾಶದ್ದು ಮತ್ತು ಜೋಡಣೆಯದ್ದು. ಆಟಗಾರರ ಸಾಮರ್ಥ್ಯವನ್ನು ಅದಕ್ಕೆ ಹೊಣೆ ಮಾಡಿದ್ದು ಅವಸರದ ಕೆಲಸ, ಮುಖ್ಯವಾಗಿ ದ್ರಾವಿಡ್ ಅವರ ವಿಷಯದಲ್ಲಿ ಅನ್ಯಾಯದ ಕೆಲಸ. ಇದನ್ನು ಅಭಿಮಾನದಿಂದ ಹೇಳಬೇಕಾಗಿಲ್ಲ. ಅಂಕಪಟ್ಟಿ ಮತ್ತು ಸ್ಕೋರ್‌ಕಾರ್ಡುಗಳೇ ಹೇಳುತ್ತವೆ.

ಮೊದಲು ಆ ಕೆಟ್ಟ ರಾತ್ರಿಯನ್ನೇ ನೋಡೋಣ, ಏಕೆಂದರೆ ವರ್ಷವಿಡೀ ಜನ ತಂಡವನ್ನು ಅಳೆದದ್ದು ಅದೊಂದರಿಂದಲೇ. 2008ರ ಏಪ್ರಿಲ್ 18, ಚಿನ್ನಸ್ವಾಮಿ ಕ್ರೀಡಾಂಗಣ, ಐಪಿಎಲ್‌ನ ಮೊಟ್ಟಮೊದಲ ಪಂದ್ಯ. ಕೋಲ್ಕತ್ತ ನೈಟ್ ರೈಡರ್ಸ್ ತಂಡದ ಬ್ರೆಂಡನ್ ಮೆಕಲಮ್ 73 ಎಸೆತಗಳಲ್ಲಿ 10 ಬೌಂಡರಿ, 13 ಸಿಕ್ಸರ್ ಹೊಡೆದು 158 ರನ್ ಗಳಿಸಿ ಔಟಾಗದೆ ಉಳಿದರು. ಕೋಲ್ಕತ್ತದ ಮೊತ್ತ 3 ವಿಕೆಟಿಗೆ 222. ಉತ್ತರವಾಗಿ ಬೆಂಗಳೂರು 15.1 ಓವರುಗಳಲ್ಲಿ 82ಕ್ಕೆ ಮುಗಿಯಿತು. ಎರಡಂಕಿ ಮುಟ್ಟಿದ ಬ್ಯಾಟ್ಸ್‌ಮನ್ ಒಬ್ಬನೇ, ಅದೂ ಬೌಲರ್ ಪ್ರವೀಣ್ ಕುಮಾರ್, 18 ರನ್. ಇತರೆ ರನ್‌ಗಳೇ 19 ಇದ್ದವು. ಸೋಲಿನ ಅಂತರ 140 ರನ್. ತವರಿನಲ್ಲಿ, ಇಡೀ ಜಗತ್ತು ನೋಡುತ್ತಿದ್ದಾಗ, ಉದ್ಘಾಟನೆಯ ದೀಪಾಲಂಕಾರದ ನಡುವೆ ಹೀಗಾದ ತಂಡವನ್ನು ಕಂಡವರ ಕಣ್ಣಿನಿಂದ ಆ ಚಿತ್ರ ಮತ್ತೆ ಅಳಿಯಲಿಲ್ಲ. ಆದರೆ ಅಂದು ಬ್ಯಾಟಿಂಗ್ ಸಾಲಿನ ಮೊದಲ ಆರು ಮಂದಿ ಯಾರು? ದ್ರಾವಿಡ್, ಜಾಫರ್, ವಿರಾಟ್ ಕೊಹ್ಲಿ, ಕಾಲಿಸ್, ಕ್ಯಾಮರೂನ್ ವೈಟ್, ಮಾರ್ಕ್ ಬೌಷರ್. ಇವರಲ್ಲಿ ನಾಲ್ವರು ಐದು ದಿನಗಳ ಹಿಂದಷ್ಟೇ, ಏಪ್ರಿಲ್ 13ರಂದು, ಕಾನ್ಪುರದಲ್ಲಿ ಭಾರತ ಮತ್ತು ದಕ್ಷಿಣ ಆಫ್ರಿಕಾ ನಡುವಣ ಟೆಸ್ಟ್ ಮುಗಿಸಿದ್ದರು. ಇಬ್ಬರು ಭಾರತದ ಕಡೆ, ಇಬ್ಬರು ಎದುರಾಳಿ ಕಡೆ. ಬಿಳಿ ಉಡುಪು ಕಳಚಿ, ಊರು ಬದಲಿಸಿ, ಇನ್ನೂ ಪರಿಚಯವೇ ಆಗದವರೊಂದಿಗೆ ಹೊಸ ಆಟಕ್ಕೆ ಇಳಿಯಲು ಅವರಿಗೆ ಸಿಕ್ಕಿದ್ದು ನಾಲ್ಕು ದಿನ. ಕರ್ನಾಟಕದ ಇನ್ನೊಂದು ಆಧಾರವಾಗಿದ್ದ ಅನಿಲ್ ಕುಂಬ್ಳೆ ಗಾಯದಿಂದಾಗಿ ಆ ಟೆಸ್ಟನ್ನೂ ಆಡಿರಲಿಲ್ಲ, ಈ ಪಂದ್ಯವನ್ನೂ ಆಡಲಿಲ್ಲ.

ಬೇರೆ ತಂಡಗಳಿಗೂ ಇದೇ ಸರಣಿಯಿಂದಲೇ ಆಟಗಾರರು ಬಂದರಲ್ಲವೇ ಎಂದು ಯಾರಾದರೂ ಕೇಳಬಹುದು. ಬಂದರು. ಸೌರವ್ ಗಂಗೂಲಿ ಅದೇ ರಾತ್ರಿ ಎದುರಾಳಿ ನಾಯಕರಾಗಿದ್ದರು. ಧೋನಿ ಚೆನ್ನೈಗೆ, ಸೆಹ್ವಾಗ್ ದೆಹಲಿಗೆ ಹೋದರು. ಆದರೆ ಒಬ್ಬಿಬ್ಬರು ದಣಿದು ಬಂದರೆ ಉಳಿದವರು ಹೊರುತ್ತಾರೆ. ಬ್ಯಾಟಿಂಗಿನ ಬೆನ್ನೆಲುಬೇ ಒಟ್ಟಾಗಿ ಹಾಗೆ ಬಂದದ್ದು ಬೆಂಗಳೂರಿನಲ್ಲಿ. ಮುಂದಿನ ಪಂದ್ಯದಲ್ಲೇ, ಏಪ್ರಿಲ್ 20ರಂದು, ಇದೇ ತಂಡ ವಾಂಖೆಡೆಯಲ್ಲಿ ಮುಂಬಯಿಯನ್ನು ಐದು ವಿಕೆಟಿನಿಂದ ಸೋಲಿಸಿತು ಎಂಬುದನ್ನು ಮರೆಯುವಂತಿಲ್ಲ. ನಮ್ಮ ಕುಂದಾಪುರ, ಬೈಂದೂರು ಕಡೆಯವರಿಗೆ ಆ ಗೆಲುವಿನ ರುಚಿ ಬೇರೆಯೇ. ಮನೆಯ ಒಬ್ಬ ಮಗ ಬೆಂಗಳೂರಿನ ಹೋಟೆಲಿನಲ್ಲಿ, ಇನ್ನೊಬ್ಬ ಮುಂಬಯಿಯ ಕ್ಯಾಂಟೀನಿನಲ್ಲಿ ಇರುವ ಊರುಗಳಿವು. ಐಪಿಎಲ್ ಬಂದಮೇಲೆ ಊರಿನ ಮನೆಗಳಲ್ಲಿ ಎರಡು ಪಕ್ಷಗಳು ಸಹಜವಾಗಿಯೇ ಹುಟ್ಟಿದವು. ಇನ್ನೊಂದು ಮಾತೂ ನೆನಪಿರಲಿ: ಮೊದಲ ರಾತ್ರಿ 140 ರನ್‌ಗಳಿಂದ ಗೆದ್ದ ಕೋಲ್ಕತ್ತ ಕೊನೆಯಲ್ಲಿ ಮುಗಿಸಿದ್ದು ಆರನೇ ಸ್ಥಾನದಲ್ಲಿ, ಬೆಂಗಳೂರಿಗಿಂತ ಒಂದೇ ಮೆಟ್ಟಿಲು ಮೇಲೆ. ಒಂದು ರಾತ್ರಿಯ ಆಟ ಒಂದು ವರ್ಷಕ್ಕೆ ಸಾಕ್ಷಿಯಾಗಲಾರದು.

ಹಾಗಾದರೆ ಹಣವಿದ್ದೂ ತಂಡ ಹೀಗೇಕಾಯಿತು? ಹಣವಿತ್ತು, ಅನುಮಾನವಿಲ್ಲ. ಜನವರಿ 24ರ ಫ್ರಾಂಚೈಸಿ ಹರಾಜಿನಲ್ಲಿ ಮಲ್ಯ ಕೊಟ್ಟ ಬೆಲೆ 11.16 ಕೋಟಿ ಡಾಲರ್. ಮುಂಬಯಿ ಒಂದೇ ಅದಕ್ಕಿಂತ ಮೇಲಿತ್ತು, ಅದೂ ಸ್ವಲ್ಪವೇ. ಫೆಬ್ರವರಿ 20ರಂದು ಆಟಗಾರರ ಹರಾಜು ನಡೆಯಿತು. ಅಂದರೆ ತಂಡವೆಂಬುದು ಹುಟ್ಟಿ ಮೊದಲ ಪಂದ್ಯಕ್ಕೆ ಎರಡು ತಿಂಗಳೂ ತುಂಬಿರಲಿಲ್ಲ. ಆಯಾ ನಗರದ ದೊಡ್ಡ ಆಟಗಾರನನ್ನು ‘ಐಕಾನ್’ ಎಂದು ಹರಾಜಿಗೆ ಮೊದಲೇ ಕೊಟ್ಟು, ತಂಡದಲ್ಲಿ ಅತಿ ಹೆಚ್ಚು ಬೆಲೆಗೆ ಹೋದವನಿಗಿಂತ ಶೇ 15ರಷ್ಟು ಹೆಚ್ಚು ಆತನಿಗೆ ಕೊಡಬೇಕೆಂದು ನಿಯಮವಿತ್ತು. ಕಾಲಿಸ್ 9 ಲಕ್ಷ ಡಾಲರಿಗೆ ಬಂದಾಗ ದ್ರಾವಿಡ್ ಬೆಲೆ ತಾನಾಗಿ 10.35 ಲಕ್ಷಕ್ಕೆ ಏರಿತು. ಇದು ದ್ರಾವಿಡ್ ಕೇಳಿ ಪಡೆದ ಬೆಲೆಯಲ್ಲ. ಆದರೂ ಸೋಲಿನ ದಿನಗಳಲ್ಲಿ ಜನರ ಬಾಯಲ್ಲಿ ಅದೇ ಅಂಕಿ. ಆ ಹೊತ್ತಿಗೆ ಭಾರತದಲ್ಲಿ ಟಿ20 ಎಂದರೇನೆಂದು ತಿಳಿದವರು ಎಷ್ಟು ಮಂದಿ? ಇಂಗ್ಲೆಂಡಿನ ಕೌಂಟಿಗಳು ಈ ಆಟವನ್ನು 2003ರಲ್ಲೇ ಶುರುಮಾಡಿದ್ದವು. ಭಾರತ ತಂಡ 2007ರ ಸೆಪ್ಟೆಂಬರಿನಲ್ಲಿ ಟಿ20 ವಿಶ್ವಕಪ್ ಗೆಲ್ಲಲು ಹೋಗುವ ಮುನ್ನ ಆಡಿದ್ದು ಒಂದೇ ಅಂತರರಾಷ್ಟ್ರೀಯ ಟಿ20 ಪಂದ್ಯ. ದ್ರಾವಿಡ್, ಸಚಿನ್, ಗಂಗೂಲಿ ಮೂವರೂ ಆ ವಿಶ್ವಕಪ್ಪಿನಿಂದ ತಾವಾಗಿಯೇ ಹಿಂದೆ ಸರಿದಿದ್ದರು. ಗೊತ್ತಿಲ್ಲದ ಆಟಕ್ಕೆ ಗೊತ್ತಿರುವ ಹೆಸರುಗಳನ್ನು ಕೊಳ್ಳುವುದು ಆಗ ಎಲ್ಲರೂ ಮಾಡಿದ ಕೆಲಸ.

ಇಲ್ಲಿ ಬೆಂಗಳೂರಿನ ಆಡಳಿತ ನಿಜವಾಗಿಯೂ ಎಡವಿತು, ಅದನ್ನು ಮುಚ್ಚಿಡುವ ಅಗತ್ಯವಿಲ್ಲ. ಬಂದ ಹೆಸರುಗಳೆಲ್ಲ ದೊಡ್ಡವು, ಆದರೆ ಒಂದೇ ಬಗೆಯವು. ಇನಿಂಗ್ಸ್ ಕಟ್ಟುವವರು ಸಾಲುಗಟ್ಟಿ ನಿಂತರು; ಕೊನೆಯ ಐದು ಓವರುಗಳಲ್ಲಿ ಬೀಸುವವರು ಸಾಲದಾದರು. ಯಕ್ಷಗಾನ ಬಲ್ಲ ನಮ್ಮ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ: ನಾಲ್ವರು ಹೆಸರಾಂತ ಎರಡನೇ ವೇಷಧಾರಿಗಳು ಒಂದೇ ಚೌಕಿಯಲ್ಲಿ ಕೂತಿದ್ದರೂ ಅಭಿಮನ್ಯು ಕುಣಿಯುವ ಹುಡುಗನಿಲ್ಲದಿದ್ದರೆ ಅಭಿಮನ್ಯು ಕಾಳಗ ಏರುವುದಿಲ್ಲ. ಅದರಿಂದ ಆ ನಾಲ್ವರು ಕಲಾವಿದರು ಕಳಪೆ ಎಂದಾಗುವುದಿಲ್ಲ. ಪಾತ್ರ ಹಂಚಿದವರು ಪ್ರಸಂಗ ನೋಡಲಿಲ್ಲ ಎಂದಾಗುತ್ತದೆ. ಕರ್ನಾಟಕದ ಹುಡುಗ ರಾಬಿನ್ ಉತ್ತಪ್ಪ, ಅದೂ ಬೀಸು ಹೊಡೆತಕ್ಕೆ ಹೆಸರಾದವರು, ಆ ವರ್ಷ 8 ಲಕ್ಷ ಡಾಲರಿಗೆ ಮುಂಬಯಿಯ ಪಾಲಾದರು ಎಂಬುದೊಂದೇ ಈ ಜೋಡಣೆಯ ದೋಷವನ್ನು ತೋರಿಸಲು ಸಾಕು.

ಈಗ ಆ ಸಿದ್ಧ ಉತ್ತರವನ್ನೇ ಪರೀಕ್ಷೆಗೆ ಒಡ್ಡಬಹುದು. ಟೆಸ್ಟ್ ಆಟಗಾರರಿದ್ದದ್ದೇ ಸೋಲಿಗೆ ಕಾರಣವಾದರೆ, ಬೀಸುವವರಿದ್ದ ತಂಡ ಗೆದ್ದಿರಬೇಕಲ್ಲವೇ? ಹೈದರಾಬಾದಿನ ಡೆಕ್ಕನ್ ಚಾರ್ಜರ್ಸ್ ಬಳಿ ಆಡಂ ಗಿಲ್‌ಕ್ರಿಸ್ಟ್, ಆಂಡ್ರೂ ಸೈಮಂಡ್ಸ್, ಶಾಹಿದ್ ಅಫ್ರಿದಿ, ಹರ್ಷಲ್ ಗಿಬ್ಸ್ ಇದ್ದರು. ಸೈಮಂಡ್ಸ್ ಒಬ್ಬರಿಗೇ 13.5 ಲಕ್ಷ ಡಾಲರ್. ಹರಾಜಿನಲ್ಲಿ ಧೋನಿ ಬಿಟ್ಟರೆ ಅದೇ ದೊಡ್ಡ ಬೆಲೆ. ಇಪ್ಪತ್ತು ಓವರಿಗೆ ಹೇಳಿಮಾಡಿಸಿದಂತಿದ್ದ ಈ ತಂಡ ಎರಡೇ ಪಂದ್ಯ ಗೆದ್ದು ಬೆಂಗಳೂರಿಗಿಂತಲೂ ಕೆಳಗೆ, ಎಂಟನೇ ಸ್ಥಾನದಲ್ಲಿ ನಿಂತಿತು. ಬೆಂಗಳೂರು ಆ ವರ್ಷ ಗೆದ್ದ ನಾಲ್ಕರಲ್ಲಿ ಎರಡು ಗೆಲುವು ಇವರ ಮೇಲೆಯೇ. ಕಪ್ಪು ಗೆದ್ದವರು ಯಾರು? ಎಲ್ಲಕ್ಕಿಂತ ಅಗ್ಗವಾಗಿ, 6.7 ಕೋಟಿ ಡಾಲರಿಗೆ ಮಾರಾಟವಾದ ರಾಜಸ್ಥಾನ ರಾಯಲ್ಸ್. ಅವರ ನಾಯಕನೂ ತರಬೇತುದಾರನೂ ಶೇನ್ ವಾರ್ನ್. ವಯಸ್ಸು 38, ಟೆಸ್ಟ್ ಕ್ರಿಕೆಟ್ಟಿನ ಮಹಾರಥಿ, 19 ವಿಕೆಟ್ ಕಿತ್ತರು. ವಯಸ್ಸಾಗಲಿ, ಟೆಸ್ಟಿನ ಹಿನ್ನೆಲೆಯಾಗಲಿ ಆ ವರ್ಷದ ಸೋಲು ಗೆಲುವನ್ನು ನಿರ್ಧರಿಸಲಿಲ್ಲ. ವಾರ್ನ್‌ಗೆ ಇದ್ದದ್ದು ತನ್ನ ಹುಡುಗರಲ್ಲಿ ಯಾರಿಂದ ಯಾವ ಕೆಲಸ ಮಾಡಿಸಬೇಕೆಂಬ ಖಚಿತ ತಿಳಿವಳಿಕೆ ಮತ್ತು ಅದನ್ನು ಮಾಡಲು ಪೂರ್ತಿ ಅಧಿಕಾರ. ಬೆಂಗಳೂರಿನಲ್ಲೋ ನಾಯಕನಾಗಿ ದ್ರಾವಿಡ್, ಮುಖ್ಯ ಕ್ರಿಕೆಟ್ ಅಧಿಕಾರಿಯಾಗಿ ಮಾರ್ಟಿನ್ ಕ್ರೋ, ತರಬೇತುದಾರನಾಗಿ ವೆಂಕಟೇಶ್ ಪ್ರಸಾದ್, ಮುಖ್ಯ ಕಾರ್ಯನಿರ್ವಾಹಕನಾಗಿ ಚಾರು ಶರ್ಮಾ, ಇವರೆಲ್ಲರ ಮೇಲೆ ಮಾಲೀಕ.

ಇನ್ನು ದ್ರಾವಿಡ್ ಅವರ ಲೆಕ್ಕ. ತಂಡವನ್ನು ಮುಳುಗಿಸಿದರೆಂದು ಹೇಳಲಾಗುವ ಈ ಮನುಷ್ಯ ಆ ವರ್ಷ ಬೆಂಗಳೂರಿನ ಪರವಾಗಿ ಅತಿ ಹೆಚ್ಚು ರನ್ ಹೊಡೆದವರು, 371. ಮೇ 17ರಂದು ಜೈಪುರದಲ್ಲಿ ರಾಜಸ್ಥಾನದ ಎದುರು 65 ರನ್‌ಗಳಿಂದ ಸೋತಾಗ ಅವರು ಒಬ್ಬರೇ ನಿಂತು ಗಳಿಸಿದ ಅಜೇಯ 75, ಅವರ ಇಡೀ ಐಪಿಎಲ್ ಜೀವನದ ಗರಿಷ್ಠ ಮೊತ್ತವಾಗಿಯೇ ಉಳಿಯಿತು. ಸೋಲುಗಳ ಅಂತರವನ್ನೂ ನೋಡಿ. ಚೆನ್ನೈ ಎದುರು 13 ರನ್, ದೆಹಲಿ ಎದುರು 10 ರನ್, ಕೋಲ್ಕತ್ತದಲ್ಲಿ ಮಳೆ ಬಂದು 16 ಓವರಿಗೆ ಇಳಿದ ಪಂದ್ಯದಲ್ಲಿ 5 ರನ್. ಈ ಮೂರು ಪಂದ್ಯ ಈ ಕಡೆ ವಾಲಿದ್ದರೆ ನಾಲ್ಕು ಗೆಲುವು ಏಳಾಗುತ್ತಿತ್ತು. ‘ಆಗುತ್ತಿತ್ತು’ ಎಂಬುದರಿಂದ ಕಪ್ಪು ಬರುವುದಿಲ್ಲ, ಒಪ್ಪುತ್ತೇನೆ. ಮೂರೂ ಗೆಲ್ಲುತ್ತಿದ್ದರು ಎಂದು ನಾನು ಹೇಳುತ್ತಿಲ್ಲ. ಬೀಸಲು ಇಬ್ಬರು ಹೆಚ್ಚಿದ್ದರೆ ದಾಟಬಹುದಾಗಿದ್ದ ಅಂತರಗಳಿವು ಎಂದಷ್ಟೇ ಹೇಳುತ್ತಿದ್ದೇನೆ. ಸಮರ್ಥಿಸಲಾಗದ್ದು ತವರಿನ ದಾಖಲೆ: ಚಿನ್ನಸ್ವಾಮಿಯಲ್ಲಿ ಆಡಿದ ಏಳರಲ್ಲಿ ಗೆದ್ದದ್ದು ಒಂದು, ಅದೂ ಡೆಕ್ಕನ್ ಎದುರು ಮೂರೇ ರನ್‌ಗಳಿಂದ. ಚಿಕ್ಕ ಅಂಗಳ, ಬೇಗ ಓಡುವ ಚೆಂಡು. ಬೀಸುವವರಿಲ್ಲದ ತಂಡಕ್ಕೆ ತನ್ನ ಮನೆಯಂಗಳವೇ ಶತ್ರುವಾಯಿತು. ಅತ್ತ ಚೆನ್ನೈನಲ್ಲಿ ಬರೀ 126 ರನ್ ಮಾಡಿ 14 ರನ್‌ಗಳಿಂದ ಗೆದ್ದು ಬಂದದ್ದು ಇದೇ ತಂಡ. ಬೌಲಿಂಗ್ ಇತ್ತು, ಅದಕ್ಕೆ ಸರಿಹೊಂದುವ ಬ್ಯಾಟಿಂಗ್ ಸಾಲು ಇರಲಿಲ್ಲ.

ಮೇ ಮೊದಲ ವಾರ, ಏಳು ಪಂದ್ಯ ಮುಗಿದು ಐದು ಸೋತಾಗ, ಚಾರು ಶರ್ಮಾ ಹುದ್ದೆ ಕಳೆದುಕೊಂಡರು. ಬ್ರಿಜೇಶ್ ಪಟೇಲ್ ಬಂದರು. ಆಟಗಾರರ ಆಯ್ಕೆಯನ್ನು ದ್ರಾವಿಡ್ ಮತ್ತು ಶರ್ಮಾ ಅವರಿಗೆ ಬಿಟ್ಟಿದ್ದೇ ತಪ್ಪಾಯಿತೆಂಬ ಅರ್ಥದಲ್ಲಿ ಮಲ್ಯ ಬಹಿರಂಗವಾಗಿ ಮಾತಾಡಿದರು. ಕೋಟಿಗಟ್ಟಲೆ ಸುರಿದ ಮಾಲೀಕನಿಗೆ ಸಿಟ್ಟು ಬರುವುದು ಸಹಜ, ಸೋತಾಗ ಯಾರಾದರೂ ಹೊಣೆ ಹೊರಬೇಕು ಎಂಬ ವಾದವೂ ಇದೆ. ಹೊರಲಿ. ಆದರೆ ಆ ಕ್ರಮದಿಂದ ಏನಾಯಿತು ಎಂಬುದನ್ನು ಎಣಿಸಬಹುದು. ಶರ್ಮಾ ಇದ್ದಾಗ ಏಳರಲ್ಲಿ ಎರಡು ಗೆಲುವು. ಹೋದಮೇಲೆ ಉಳಿದ ಏಳರಲ್ಲಿ ಎರಡು ಗೆಲುವು. ತಲೆದಂಡದಿಂದ ಒಂದು ಅಂಕವೂ ಹೆಚ್ಚಲಿಲ್ಲ. ನಾಯಕನ ಹೆಸರನ್ನು ಹೀಗೆ ಬೀದಿಗೆ ತಂದದ್ದರಿಂದ ಮಾತ್ರ ಒಂದು ಅಭಿಪ್ರಾಯ ಬೇರೂರಿತು. ಆ ನಾಯಕ ಅದಕ್ಕೆ ಬೀದಿಯಲ್ಲಿ ಉತ್ತರ ಕೊಡಲಿಲ್ಲ, ಉಳಿದ ಪಂದ್ಯಗಳನ್ನು ಆಡಿ ಮುಗಿಸಿದರು.

ಅಮೆರಿಕದಲ್ಲಿ ಅವರದೇ ಬಗೆಯ ಫುಟ್ಬಾಲ್ ಆಡುವ ವೃತ್ತಿಪರ ತಂಡಗಳ ಇತಿಹಾಸದಲ್ಲಿ ಇದಕ್ಕೆ ಹತ್ತಿರದ ಉದಾಹರಣೆ ಇದೆ. ಟ್ಯಾಂಪಾ ಬೇ ಬಕನೀರ್ಸ್ ಎಂಬ ಹೊಸ ತಂಡ 1976ರಲ್ಲಿ ತನ್ನ ಮೊದಲ ವರ್ಷವೇ 14 ಪಂದ್ಯ ಆಡಿ ಹದಿನಾಲ್ಕನ್ನೂ ಸೋತಿತು. ಮರುವರ್ಷವೂ ಸೋಲು ಮುಂದುವರಿದು ಸತತ 26ಕ್ಕೆ ಮುಟ್ಟಿತು. ಆದರೂ ತರಬೇತುದಾರ ಜಾನ್ ಮೆಕೇ ಅವರನ್ನು ಮಾಲೀಕರು ಕಳಿಸಲಿಲ್ಲ. 1979ರಲ್ಲಿ ಅದೇ ಮೆಕೇ ಕೈಯಲ್ಲಿ ತಂಡ ಫೈನಲಿಗೆ ಒಂದೇ ಪಂದ್ಯದ ದೂರದವರೆಗೆ ಹೋಯಿತು. ಅಲ್ಲಿನ ವ್ಯವಸ್ಥೆಯೇ ಹಾಗೆ: ಕೊನೆಯಲ್ಲಿ ನಿಂತ ತಂಡಕ್ಕೆ ಮರುವರ್ಷ ಕಾಲೇಜಿನಿಂದ ಬರುವ ಹೊಸ ಆಟಗಾರರಲ್ಲಿ ಮೊದಲ ಆಯ್ಕೆಯ ಹಕ್ಕು ಸಿಗುತ್ತದೆ. ಸೋಲನ್ನು ಕಟ್ಟುವ ಕಾಲವೆಂದು ಒಪ್ಪಿಕೊಂಡ ಪದ್ಧತಿ ಅದು. ಐಪಿಎಲ್‌ನಲ್ಲಿ ಅಂಥ ಆಸರೆ ಇರಲಿಲ್ಲ. ಒಂದೂವರೆ ತಿಂಗಳಲ್ಲಿ ಎಲ್ಲ ಮುಗಿದು ತೀರ್ಪು ಬರುತ್ತಿತ್ತು.

ನನ್ನ ವಾದಕ್ಕೆ ಬಲವಾದ ಸಾಕ್ಷಿ ಮರುವರ್ಷ ಸಿಕ್ಕಿತು. ಲೋಕಸಭಾ ಚುನಾವಣೆಯ ಕಾರಣ 2009ರ ಐಪಿಎಲ್ ದಕ್ಷಿಣ ಆಫ್ರಿಕಾಕ್ಕೆ ಹೋಯಿತು. ಮೇ 24ರಂದು ಜೊಹಾನ್ಸ್‌ಬರ್ಗಿನಲ್ಲಿ ಫೈನಲ್ ಆಡಿದ ಎರಡು ತಂಡಗಳು ಬೆಂಗಳೂರು ಮತ್ತು ಡೆಕ್ಕನ್, ಹಿಂದಿನ ವರ್ಷದ ಏಳನೆಯ ಮತ್ತು ಎಂಟನೆಯ ತಂಡಗಳು. ಡೆಕ್ಕನ್ 6 ರನ್‌ಗಳಿಂದ ಗೆದ್ದಿತು. 16 ರನ್ ಕೊಟ್ಟು 4 ವಿಕೆಟ್ ತೆಗೆದ ಕುಂಬ್ಳೆ ಸೋತ ತಂಡದಲ್ಲಿದ್ದೂ ಪಂದ್ಯಶ್ರೇಷ್ಠರಾದರು. ಅಂದು ಬೆಂಗಳೂರಿನ ಹನ್ನೊಂದು ಮಂದಿಯಲ್ಲಿ ಎಂಟು ಜನ 2008ರ ತಂಡದವರೇ: ಕಾಲಿಸ್, ದ್ರಾವಿಡ್, ರಾಸ್ ಟೇಲರ್, ಕೊಹ್ಲಿ, ಬೌಷರ್, ಪ್ರವೀಣ್ ಕುಮಾರ್, ವಿನಯ್ ಕುಮಾರ್, ಕುಂಬ್ಳೆ. ಹೊಸಬರು ಮೂವರು: ಮುಂಬಯಿಯಿಂದ ಬಂದ ಉತ್ತಪ್ಪ, ಮನೀಶ್ ಪಾಂಡೆ, ವ್ಯಾನ್ ಡೆರ್ ಮರ್ವ್. ಇವರಲ್ಲಿ ಪಾಂಡೆ ಮೂರು ದಿನ ಮೊದಲು ಸೆಂಚುರಿಯನ್‌ನಲ್ಲಿ ಅಜೇಯ 114 ಹೊಡೆದು ಐಪಿಎಲ್ ಶತಕ ಬಾರಿಸಿದ ಮೊದಲ ಭಾರತೀಯರಾಗಿದ್ದರು. ಯಾವ ಕೊರತೆ ಇತ್ತೋ ಅದನ್ನು ತುಂಬುವವರು ಬಂದರು. ಉಳಿದವರು ತಮ್ಮ ಸ್ಥಾನದಲ್ಲಿ ತಮ್ಮ ಕೆಲಸ ಮಾಡಿದರು. ಕೇಪ್‌ಟೌನಿನಲ್ಲಿ ಆಡಿದ ತಂಡದ ಮೊದಲ ಪಂದ್ಯದಲ್ಲಿ, ಅದೂ ಏಪ್ರಿಲ್ 18ರಂದೇ, ದ್ರಾವಿಡ್ 66 ರನ್ ಗಳಿಸಿದರು, ಕುಂಬ್ಳೆ 5 ರನ್ನಿಗೆ 5 ವಿಕೆಟ್ ಕಿತ್ತರು, ವಾರ್ನ್‌ನ ರಾಜಸ್ಥಾನ 58ಕ್ಕೆ ಉರುಳಿತು.

ಇದಕ್ಕೆ ಎರಡು ಆಕ್ಷೇಪಗಳು ಬರುತ್ತವೆ, ಎರಡೂ ತೂಕದವು. ಒಂದು, ದಕ್ಷಿಣ ಆಫ್ರಿಕಾದ ಪಿಚ್‌ಗಳು ತಂತ್ರ ಬಲ್ಲ ಬ್ಯಾಟ್ಸ್‌ಮನ್ನರಿಗೆ ನೆರವಾದವು, ಭಾರತದಲ್ಲಾಗಿದ್ದರೆ ಹೀಗಾಗುತ್ತಿರಲಿಲ್ಲ ಎಂಬುದು. ನೆರವಾದದ್ದು ನಿಜ. ಆದರೆ 2010ರಲ್ಲಿ ಐಪಿಎಲ್ ಭಾರತಕ್ಕೆ ಮರಳಿದಾಗಲೂ ಇದೇ ತಂಡ ಸೆಮಿಫೈನಲ್ ತಲುಪಿ ಮೂರನೇ ಸ್ಥಾನ ಪಡೆಯಿತು. 2008ರಲ್ಲಿ ವಿಫಲರಾಗಿದ್ದ ಅದೇ ಕಾಲಿಸ್ 572 ರನ್ ಗಳಿಸಿದರು, ಆ ವರ್ಷ ಅವರಿಗಿಂತ ಮುಂದೆ ಇದ್ದದ್ದು ಸಚಿನ್ ಒಬ್ಬರೇ. ಇನ್ನೊಂದು ಆಕ್ಷೇಪ, 2009ರಲ್ಲಿ ತರಬೇತುದಾರನಾಗಿ ರೇ ಜೆನ್ನಿಂಗ್ಸ್, ನಾಯಕನಾಗಿ ಕೆವಿನ್ ಪೀಟರ್ಸನ್ ಬಂದರು, ಅಂದರೆ ಮಲ್ಯ ಮಾಡಿದ ಬದಲಾವಣೆಯೇ ಫಲ ಕೊಟ್ಟಿತಲ್ಲ ಎಂಬುದು. ಬದಲಾವಣೆ ಬೇಕಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ವರ್ಷದ ಬಿಡುವಿನಲ್ಲಿ ಯೋಚಿಸಿ ಮಾಡಿದ ಬದಲಾವಣೆಗೂ ಪಂದ್ಯಾವಳಿಯ ನಡುವೆ ಸಿಟ್ಟಿನಲ್ಲಿ ಮಾಡಿದ್ದಕ್ಕೂ ಫಲದಲ್ಲಿ ವ್ಯತ್ಯಾಸ ಬಂತು ಎಂಬುದನ್ನು ಮಾತ್ರ ತೋರಿಸುತ್ತಿದ್ದೇನೆ. ಅದರಲ್ಲೂ ದುಬಾರಿ ಬದಲಾವಣೆ ಕೆಲಸ ಮಾಡಲಿಲ್ಲ. 15.5 ಲಕ್ಷ ಡಾಲರಿನ ಪೀಟರ್ಸನ್ ನಾಯಕತ್ವದ ಮೊದಲ ಆರು ಪಂದ್ಯಗಳಲ್ಲಿ ಗೆಲುವು ಎರಡೇ. ಅವರು ಇಂಗ್ಲೆಂಡಿಗೆ ಹೊರಟಮೇಲೆ ಜವಾಬ್ದಾರಿ ಬಂದದ್ದು ಕುಂಬ್ಳೆ ಹೆಗಲಿಗೆ, ‘ಟೆಸ್ಟ್ ತಂಡ’ದ ಅತಿ ದೊಡ್ಡ ಟೆಸ್ಟ್ ಬೌಲರ್ ಹೆಗಲಿಗೆ, ತಂಡ ಫೈನಲ್ ಮುಟ್ಟಿದ್ದು ಆ ಹೆಗಲ ಮೇಲೆ. 38 ತುಂಬಿದ ಕುಂಬ್ಳೆ ಆ ಪಂದ್ಯಾವಳಿಯಲ್ಲಿ 21 ವಿಕೆಟ್ ತೆಗೆದರು. ಮಲ್ಯ ಅವರಿಗೆ ಸಲ್ಲಬೇಕಾದ ಶ್ರೇಯವೂ ಇಲ್ಲೇ ಇದೆ: ಅಷ್ಟೆಲ್ಲ ಆಡಿದಮೇಲೂ ಅವರು ದ್ರಾವಿಡ್, ಕುಂಬ್ಳೆ, ಕಾಲಿಸ್ ಮೂವರನ್ನೂ ಬಿಟ್ಟುಕೊಡಲಿಲ್ಲ.

ಹಳೆಯ ಸೋಲೊಂದನ್ನು ಇಷ್ಟು ಕೆದಕುವುದಕ್ಕೆ ಕಾರಣವಿದೆ. ಯಡ್ತರೆಯಂಥ ಕರಾವಳಿಯ ಊರುಗಳಲ್ಲಿ ಬೇಸಿಗೆಯ ಟೆನಿಸ್ ಬಾಲ್ ಪಂದ್ಯಾವಳಿಗಳಿಗೂ ಈಗ ‘ಪ್ರೀಮಿಯರ್ ಲೀಗ್’ ಎಂಬ ಹೆಸರು, ತಂಡಕ್ಕೊಬ್ಬ ಮಾಲೀಕ, ಆಟಗಾರರ ಹರಾಜು ಬಂದಿವೆ. ಹರಾಜಿನ ಜೊತೆಗೆ ಅದರ ತೀರ್ಪಿನ ಪದ್ಧತಿಯೂ ಬಂದಿದೆ: ಇಷ್ಟು ಕೊಟ್ಟು ತಂದೆವು, ಇಷ್ಟು ಆಡಲಿಲ್ಲ, ಬಿಡಿ. ಬೆಂಗಳೂರು ತಂಡ ಅದೇ ಅಳತೆಗೋಲನ್ನು 2008ರ ಎಲ್ಲರ ಮೇಲೂ ಪ್ರಯೋಗಿಸಿದ್ದರೆ ಯಾರನ್ನು ಕಳೆದುಕೊಳ್ಳುತ್ತಿತ್ತು ಎಂಬುದು ದಾಖಲೆಯಲ್ಲಿದೆ. ಹತ್ತೊಂಬತ್ತರೊಳಗಿನವರ ವಿಶ್ವಕಪ್ ಗೆದ್ದು, 30 ಸಾವಿರ ಡಾಲರಿಗೆ ಬಂದಿದ್ದ ವಿರಾಟ್ ಕೊಹ್ಲಿ ಆ ವರ್ಷ 13 ಪಂದ್ಯಗಳಲ್ಲಿ ಗಳಿಸಿದ್ದು 165 ರನ್. ಮೊದಲ ರಾತ್ರಿ 1. ಅವರಿಗೆ ಕಾಲಾವಕಾಶ ಸಿಕ್ಕಿತು. 2011ರ ದೊಡ್ಡ ಹರಾಜಿಗೆ ಮುನ್ನ ಬೆಂಗಳೂರು ಉಳಿಸಿಕೊಂಡ ಆಟಗಾರ ಅವರೊಬ್ಬರೇ, 2016ರಲ್ಲಿ ಒಂದೇ ವರ್ಷ 973 ರನ್ ಹೊಡೆದವರೂ ಅವರೇ. ಅದೇ 2011ರ ಹರಾಜಿನಲ್ಲಿ ಬೆಂಗಳೂರು ದ್ರಾವಿಡ್ ಅವರನ್ನು ಕೈಬಿಟ್ಟಿತು. 5 ಲಕ್ಷ ಡಾಲರಿಗೆ ಅವರು ರಾಜಸ್ಥಾನಕ್ಕೆ ಹೋದರು. ಇಪ್ಪತ್ತು ಓವರಿನ ಆಟಕ್ಕೆ ಒಗ್ಗದವರೆಂದು ಕರೆಸಿಕೊಂಡಿದ್ದ ಅವರು ಅಲ್ಲಿ 2012ರಲ್ಲಿ 462 ರನ್ ಗಳಿಸಿದರು. 2013ರಲ್ಲಿ, ವಯಸ್ಸು ನಲವತ್ತು ದಾಟಿದಾಗ, ನಾಯಕನಾಗಿ ಇನಿಂಗ್ಸ್ ಆರಂಭಿಸುತ್ತ 471 ರನ್ ಗಳಿಸಿ, ಹೆಚ್ಚಾಗಿ ಹೆಸರಿಲ್ಲದ ಹುಡುಗರ ಆ ತಂಡವನ್ನು ಫೈನಲಿಗೆ ಒಂದು ಪಂದ್ಯದ ದೂರದವರೆಗೆ ಒಯ್ದರು.